ಮಲೆನಾಡಿನ ಮಣ್ಣಿನಲ್ಲಿ ಇತಿಹಾಸದ ಸ್ತರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಇತಿಹಾಸವೆಂದೊಡನೆ ಕೆಳದಿಯ ವೀರಶೈವ ಅರಸುಮನೆತನ ಸ್ಮರಣೆಗೆ ಬರುವುದು ಸಹಜ. ಕೆಳದಿ, ಇಕ್ಕೇರಿ, ಬಿದನೂರುಗಳೆಂಬ ಮೂರು ರಾಜಧಾನಿಗಳೂ ಕವಲೇದುರ್ಗದ ಕೋಟೆಯೂ ಇಲ್ಲಿಯೇ ಇವೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಆ ಅರಸರ ವೃತ್ತಾಂತವನ್ನು ಉಳಿಸಿಕೊಟ್ಟಿದೆ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ತಾನು ಕಂಡುದನ್ನು ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಇನ್ನೂ ಹಿಂದಕ್ಕೆ ಸಾಗಿದರೆ ಹೊಂಬುಜದ ಸಾಂತರರ ಶಾಸನಗಳು ದೊರೆಯುತ್ತವೆ. ಆದರೆ ಅಕ್ಷರವನ್ನೇ ಬಿಟ್ಟುಹೋಗದ ಜನರ ಬಾಳನ್ನು ಅರಿಯುವ ಬಗೆ ಯಾವುದು?

ಪುರಾತತ್ತ್ವಜ್ಞರ ಮೊದಲ ಸೂತ್ರ ಸರಳವಾದುದು: ಕದಡದ ನೆಲದಲ್ಲಿ ಕೆಳಗಿನ ಸ್ತರ ಹಳೆಯದು, ಮೇಲಿನದು ಹೊಸದು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ನಯಗೊಳಿಸಿದ ಕಲ್ಲುಕೊಡಲಿಯ ಸಂಸ್ಕೃತಿ, ಅನಂತರ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾ ಸಂಸ್ಕೃತಿ, ಅದರ ಮೇಲೆ ಇತಿಹಾಸಾರಂಭ ಕಾಲದ ಸಂಸ್ಕೃತಿ ಎಂಬ ಅನುಕ್ರಮವನ್ನು ತೋರಿಸಿದರು. ಸ್ತರವು ಹಿಂದುಮುಂದನ್ನು ಹೇಳುವುದೇ ಹೊರತು ವರ್ಷವನ್ನಲ್ಲ. ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ವೀಲರ್ ಕ್ರಿ.ಪೂ. 200ರ ಸುಮಾರಿನಲ್ಲಿ ಇರಿಸಿದ್ದರು. ತೀರ್ಥಹಳ್ಳಿಯನ್ನು ಹಾದು ಹರಿಯುವ ತುಂಗೆಯು ಭದ್ರೆಯೊಡನೆ ಕೂಡಿದ ಮೇಲೆ, ಆ ತುಂಗಭದ್ರೆಯ ದಡದಲ್ಲಿರುವ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಕೈಗೊಂಡರು. ಅಲ್ಲಿನ ಇದ್ದಿಲಿನ ಇಂಗಾಲ ಪರೀಕ್ಷೆಯಿಂದ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೆ ಹಿಂದೆ ಸರಿಯಿತು. ಒಂದು ಹಿಡಿ ಇದ್ದಿಲು ನೂರಾರು ವರ್ಷಗಳ ಲೆಕ್ಕವನ್ನು ತಿದ್ದಿತು.

ಅಗೆಯದೆಯೂ ಓದಬಹುದಾದ ಕುರುಹುಗಳುಂಟು. ಹೊಸನಗರ ತಾಲ್ಲೂಕಿನ ನಿಲುಸ್ಕಲ್, ಬೈಸೆ ಮೊದಲಾದೆಡೆ ಅಕ್ಷರವಿಲ್ಲದ ನೆಡುಗಲ್ಲುಗಳು ನಿಂತಿವೆ. ಶ್ರೀಕುಮಾರ್ ಎಂ. ಮೆನನ್, ಮಯಾಂಕ್ ವಾಹಿಯ ಮೊದಲಾದ ವಿದ್ವಾಂಸರು ಅವುಗಳ ಸ್ಥಾನಗಳನ್ನು ಅಳೆದು, ಕೆಲವು ಕಲ್ಲುಗಳ ಜೋಡಿಗಳು ಅಯನ ಸಂಧಿಯ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ಹೊಂದುತ್ತವೆಂದು ನಿರೂಪಿಸಿದ್ದಾರೆ. ಇಲ್ಲಿ ಸಾಕ್ಷ್ಯವಿರುವುದು ಒಂದೊಂದು ಕಲ್ಲಿನಲ್ಲಲ್ಲ, ಕಲ್ಲು ಕಲ್ಲುಗಳ ನಡುವಣ ಸಂಬಂಧದಲ್ಲಿ. ಒಂದನ್ನು ಕಿತ್ತು ಬೇಲಿಗೆ ಒಯ್ದರೆ ಕಲ್ಲು ಉಳಿಯುತ್ತದೆ, ಅರ್ಥ ಅಳಿಯುತ್ತದೆ.

ಗ್ರಂಥಗಳಿರುವ ಕಾಲಕ್ಕೂ ಈ ಮಾತು ಸಲ್ಲುತ್ತದೆ. 1763ರಲ್ಲಿ ಹೈದರಾಲಿಯ ವಶವಾದ ಬಿದನೂರು, ಅಂದರೆ ಇಂದಿನ ನಗರದಲ್ಲಿ, 2002ರಲ್ಲಿ ದೊರೆತ ಕಬ್ಬಿಣದ ಕೊಳವೆಗಳನ್ನು ಮೊದಲು ಸಿಡಿಗುಂಡುಗಳೆಂದೇ ಭಾವಿಸಲಾಗಿತ್ತು. ಅವು ಮೈಸೂರು ಸೈನ್ಯದ ರಾಕೆಟ್ಟುಗಳೆಂಬುದು ಬಳಿಕ ನಿರ್ಧಾರವಾಯಿತು. 2018ರಲ್ಲಿ ಅಲ್ಲಿಯ ಬತ್ತಿದ ಬಾವಿಯೊಂದರಲ್ಲಿ ಇಂತಹವು ಸಾವಿರಕ್ಕೂ ಮಿಕ್ಕಿ ಹೊರಬಂದವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಇದ್ದಿತು. ಒಂದೇ ಕೊಳವೆ ಕುತೂಹಲದ ವಸ್ತು. ಒಂದೆಡೆ ರಾಶಿಬಿದ್ದ ಸಾವಿರ ಕೊಳವೆಗಳು ಸೈನ್ಯದ ದಾಸ್ತಾನಿಗೆ ಸಾಕ್ಷಿ.

ಗ್ರಂಥವು ಅರಸರನ್ನೂ ಕವಿಗಳನ್ನೂ ಹೆಸರಿಸುತ್ತದೆ. ಕಲ್ಲನ್ನು ನೆಟ್ಟವರ, ಕಬ್ಬಿಣ ಕಾಸಿದವರ ಹೆಸರುಗಳು ಎಲ್ಲಿಯೂ ಉಳಿದಿಲ್ಲ. ಅವರ ಕಾಯಕಕ್ಕೆ ಇರುವ ಏಕೈಕ ಓಲೆ ಈ ನೆಲ. ತಾಳೆಗರಿ ಹರಿದರೆ ಇನ್ನೊಂದು ಪ್ರತಿಯಾದರೂ ದೊರೆತೀತು. ನಿಧಿಯಾಸೆಯಿಂದ ಅಗೆದು ಕದಡಿದ ನೆಲಕ್ಕೆ ಇನ್ನೊಂದು ಪ್ರತಿಯಿಲ್ಲ.