ಬೆನ್ನುಮೂಳೆಯ ಡಿಸ್ಕ್ ಜಾರುವಿಕೆ (ಸ್ಲಿಪ್ ಡಿಸ್ಕ್): ಸಂಭವನೀಯ ಕಾರಣಗಳು ಮತ್ತು ಅಪಾಯದ ಅಂಶಗಳು

ಡಿಸ್ಕ್ ಜಾರುವಿಕೆ ಎಂದರೇನು?

ಬೆನ್ನುಮೂಳೆಯ ಕಶೇರುಮಣಿಗಳ ನಡುವೆ ಒಟ್ಟು 23 ಮೆತ್ತನೆಯ ಬಿಲ್ಲೆಗಳಿದ್ದು, ಇವುಗಳನ್ನು ಡಿಸ್ಕ್‌ಗಳೆಂದು ಕರೆಯಲಾಗುತ್ತದೆ. ಪ್ರತಿ ಡಿಸ್ಕ್ ನಾರಿನಿಂದಾದ ಗಟ್ಟಿ ಹೊರ ಉಂಗುರವನ್ನೂ ಲೋಳೆಯಂತಹ ಒಳ ತಿರುಳನ್ನೂ ಹೊಂದಿರುತ್ತದೆ. ರೂಢಿಯಲ್ಲಿ 'ಜಾರುವಿಕೆ' ಎಂದರೂ ಡಿಸ್ಕ್ ಇಡಿಯಾಗಿ ಜಾರುವುದಿಲ್ಲ. ಹೊರ ಉಂಗುರವು ಬಿರಿದು ತಿರುಳು ಹೊರಚಾಚುತ್ತದೆ. ಅದು ನರವನ್ನು ಒತ್ತಿದಾಗ ಸೊಂಟದಿಂದ ಕಾಲಿಗೆ ಅಥವಾ ಕುತ್ತಿಗೆಯಿಂದ ತೋಳಿಗೆ ನೋವು ಹಾಗೂ ಜೋಮು ಹರಡುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಈ ತೊಂದರೆ ಅತಿ ಹೆಚ್ಚು.

ಸಂಭವನೀಯ ಕಾರಣಗಳು

1. ಸವೆತ: ವಯಸ್ಸಾದಂತೆ ಡಿಸ್ಕ್‌ನ ನೀರಿನಂಶ ಕಡಿಮೆಯಾಗಿ ಹೊರ ಉಂಗುರವು ದುರ್ಬಲಗೊಳ್ಳುತ್ತದೆ. ಇದು ಮುಖ್ಯ ಕಾರಣ.
2. ಹಠಾತ್ ಒತ್ತಡ: ಸೊಂಟ ಬಗ್ಗಿಸಿ, ಮೈ ತಿರುಚಿ ಭಾರ ಎತ್ತುವುದು. ಅನೇಕ ಸಂದರ್ಭಗಳಲ್ಲಿ ಇದು ಮೊದಲೇ ಸವೆದ ಡಿಸ್ಕ್‌ಗೆ ಬೀಳುವ ಕೊನೆಯ ಪೆಟ್ಟು ಮಾತ್ರ. ಕೆಲವರಲ್ಲಿ ಕೆಮ್ಮು, ಸೀನು ಸಹ ನೆಪವಾಗಬಹುದು.
3. ಪೆಟ್ಟು: ಬೀಳುವಿಕೆ ಅಥವಾ ಅಪಘಾತ. ಇದು ಅಪರೂಪದ ಕಾರಣ.

ಅನೇಕರಲ್ಲಿ ನಿರ್ದಿಷ್ಟ ಕಾರಣ ತಿಳಿದುಬರುವುದಿಲ್ಲ.

ಅಪಾಯವನ್ನು ಹೆಚ್ಚಿಸುವ ಅಂಶಗಳು

ಬದಲಿಸಲಾಗದವು:
• 30ರಿಂದ 50 ವರ್ಷದೊಳಗಿನ ವಯಸ್ಸು
• ಪುರುಷರಲ್ಲಿ ಹೆಚ್ಚಿನ ಸಂಭವ
• ಕುಟುಂಬದಲ್ಲಿ ಇತರರಿಗೆ ಈ ತೊಂದರೆ ಇರುವುದು

ಬದಲಿಸಬಹುದಾದವು:
• ಅಧಿಕ ದೇಹತೂಕ
• ಧೂಮಪಾನ: ಡಿಸ್ಕ್‌ಗೆ ದೊರೆಯುವ ಆಮ್ಲಜನಕ ಮತ್ತು ಪೋಷಕಾಂಶಗಳು ಕುಂದಿ ಸವೆತ ತ್ವರಿತಗೊಳ್ಳುತ್ತದೆ
• ವ್ಯಾಯಾಮವಿಲ್ಲದೆ ದೀರ್ಘಕಾಲ ಕುಳಿತಿರುವುದು
• ವೃತ್ತಿ: 50 ಕಿ.ಗ್ರಾಂ. ಸಿಮೆಂಟ್ ಚೀಲದಂತಹ ಭಾರಗಳನ್ನು ಪದೇ ಪದೇ ಹೊರುವ ಹಮಾಲರು, ಕಟ್ಟಡ ಕಾರ್ಮಿಕರು. ಕುಲುಕಾಟದಲ್ಲಿ ದಿನವಿಡೀ ಕುಳಿತಿರುವ ಲಾರಿ, ಬಸ್ ಹಾಗೂ ಟ್ರ್ಯಾಕ್ಟರ್ ಚಾಲಕರು

ಮುನ್ನೆಚ್ಚರಿಕೆ

ಭಾರ ಎತ್ತುವಾಗ ಮೊಣಕಾಲು ಮಡಚಿ, ವಸ್ತುವನ್ನು ಮೈಗೆ ಸಮೀಪ ಹಿಡಿದು ಏಳತಕ್ಕದ್ದು. ತಿರುಗಬೇಕಾದಲ್ಲಿ ಸೊಂಟ ತಿರುಚದೆ ಪಾದಗಳನ್ನು ಸರಿಸತಕ್ಕದ್ದು. ಅತಿ ಭಾರವನ್ನು ಇಬ್ಬರು ಎತ್ತುವುದು ಸೂಕ್ತ.

ಸಾರ್ವಜನಿಕರ ಗಮನಕ್ಕೆ

ಹೆಚ್ಚಿನವರಲ್ಲಿ ನೋವು ಕೆಲವು ವಾರಗಳಿಂದ ತಿಂಗಳುಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಬೆನ್ನು ತುಳಿಸುವುದು, ನೋವು ನಿವಾರಕ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವುದು ಸಲ್ಲದು.

ಮೂತ್ರ ಕಟ್ಟುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ತೊಡೆಸಂದು ಹಾಗೂ ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಿರುವುದು, ಕಾಲುಗಳ ಬಲ ಕುಂದುತ್ತಾ ಹೋಗುವುದು ತುರ್ತು ಲಕ್ಷಣಗಳಾಗಿವೆ. ವಿಳಂಬವಾದಲ್ಲಿ ಶಾಶ್ವತ ಊನ ಉಂಟಾಗಬಹುದಾದ್ದರಿಂದ, ರೋಗಿಯನ್ನು ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.