ಆ ಹಳದಿ ಬಣ್ಣಕ್ಕೆ ಇನ್ನೆಷ್ಟು ವರ್ಷ ಹೆದರೋದು?

ಇವತ್ತು ಒಂದು ಫ್ರಿಜ್ಜಿನ ಕಥೆ ಹೇಳ್ತೀನಿ. ಹಾಲು, ಮೊಸರು, ಸೊಪ್ಪು ಇಡುವ ಮಾಮೂಲಿ ಮನೆ ಫ್ರಿಜ್ಜು. ಊರು ಮದ್ರಾಸ್. ಆ ಫ್ರಿಜ್ಜಿನಲ್ಲಿ ಒಂದಷ್ಟು ದಿನ ರಕ್ತದ ಸ್ಯಾಂಪಲ್‌ಗಳಿದ್ದವು. ನಮ್ಮ ದೇಶದ ಎಚ್‌ಐವಿ ಇತಿಹಾಸ ಬಿಚ್ಚಿಕೊಂಡಿದ್ದೇ ಅಲ್ಲಿಂದ.

1985ರ ಕೊನೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಆಗ 32 ವರ್ಷ. ಹೆಚ್ಚುಕಮ್ಮಿ ನನ್ನ ವಯಸ್ಸು. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ ಪ್ರೊಫೆಸರ್ ಡಾ. ಸುನೀತಿ ಸಾಲೊಮನ್ ಒಂದು ಸಲಹೆ ಕೊಟ್ಟರು: ಇಲ್ಲಿ ಏಡ್ಸ್ ಇದೆಯಾ, ನೋಡು. ಆಗ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಅದು ಫಾರಿನ್ ಕಾಯಿಲೆ, ನಮ್ಮ ಸಂಸ್ಕೃತಿಗೆ ಅದು ಅಂಟೋದಿಲ್ಲ. ವೈರಸ್ಸಿಗೆ ಪಾಸ್‌ಪೋರ್ಟು ಬೇಕು ಅಂದುಕೊಂಡಿದ್ವಿ ನಾವು!

ಪೊಲೀಸರು ಹಿಡಿದು ತಂದ ಲೈಂಗಿಕ ಕಾರ್ಯಕರ್ತೆಯರನ್ನು ಇಡುತ್ತಿದ್ದ ಸರ್ಕಾರಿ ಗೃಹಕ್ಕೆ ನಿರ್ಮಲಾ ಹೋಗಿಬರತೊಡಗಿದರು. ಸ್ಕೂಟರಿನಲ್ಲಿ ಬಿಡುತ್ತಿದ್ದವರು ಗಂಡ. ಸರಿಯಾದ ಗ್ಲೌಸೂ ಇಲ್ಲದೆ ರಕ್ತ ತೆಗೆದರು, ಅದನ್ನು ಮನೆಯ ಫ್ರಿಜ್ಜಿನಲ್ಲಿಟ್ಟರು. ಯಾವ ಕಾಯಿಲೆಗೆ ಈ ಪರೀಕ್ಷೆ ಅಂತ ಆ ಹೆಣ್ಣುಮಕ್ಕಳಿಗೆ ಗೊತ್ತೇ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

1986ರ ಫೆಬ್ರವರಿ. ಗಂಡ ಹೆಂಡತಿ ಇಬ್ಬರೂ ಐಸ್ ಬಾಕ್ಸ್ ಹಿಡಿದು ರಾತ್ರಿ ರೈಲಿನಲ್ಲಿ ಕಾಟ್ಪಾಡಿಗೆ, ಅಲ್ಲಿಂದ ಆಟೋದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋದರು. ಎಲೈಸಾ ಪರೀಕ್ಷೆಯ ಸೌಲಭ್ಯ ಇದ್ದದ್ದು ಅಲ್ಲಿ. ಬೆಳಗ್ಗೆ ಕೆಲಸ ಶುರುವಾಯ್ತು. ಮಧ್ಯಾಹ್ನ ಕರೆಂಟ್ ಹೋಯ್ತು. ಎಲ್ಲರೂ ಚಹಾ ಕುಡಿದು ಬಂದು ಮುಚ್ಚಳ ತೆಗೆದರೆ, ಆರು ಸ್ಯಾಂಪಲ್‌ಗಳು ಹಳದಿಯಾಗಿದ್ದವು. ಹಳದಿ ಅಂದ್ರೆ ಪಾಸಿಟಿವ್.

ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳಿಸಿದರು. ಅಲ್ಲಿಯೂ ಅದೇ ಉತ್ತರ. ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವ ಎಚ್.ವಿ. ಹಂದೆ ವಿಧಾನಸಭೆಯಲ್ಲಿ ವಿಷಯ ತಿಳಿಸಿದರು. ಫಾರಿನ್ ಕಾಯಿಲೆ ನಮ್ಮ ಮನೆಯೊಳಗೇ ಇತ್ತು. ಯಾವತ್ತು ಬಂತು? ಯಾರಿಗೂ ಗೊತ್ತಿಲ್ಲ. ಗೊತ್ತಾಗಿದ್ದು ಪರೀಕ್ಷೆ ಮಾಡಿದ ಮೇಲೆ ತಾನೇ?

ಸರಿ, ಪರೀಕ್ಷೆ ಬಂತು. ಅದನ್ನು ನಾವು ಹೇಗೆ ಬಳಸಿದ್ವಿ? 1989ರ ಗೋವಾಕ್ಕೆ ಬನ್ನಿ. ಡೊಮಿನಿಕ್ ಡಿಸೋಜಾ ಅನ್ನೋ ಯುವಕ, ಆಗಾಗ ರಕ್ತದಾನ ಮಾಡುತ್ತಿದ್ದವನು. ಕೊಟ್ಟ ರಕ್ತದಲ್ಲಿ ಎಚ್‌ಐವಿ ಕಂಡಿತು. ಯಾರಾದ್ರೂ ಕೂರಿಸಿ ಸಮಾಧಾನವಾಗಿ ಹೇಳಿದ್ರಾ? ಇಲ್ಲ ಸ್ವಾಮಿ, ಪೊಲೀಸರು ಬಂದು ಕರೆದೊಯ್ದರು. ಮುಚ್ಚಿಹೋಗಿದ್ದ ಒಂದು ಕ್ಷಯ ಆಸ್ಪತ್ರೆಯಲ್ಲಿ 64 ದಿನ ಒಬ್ಬಂಟಿಯಾಗಿ ಕೂಡಿಹಾಕಿದರು. ಅವನ ತಾಯಿ ಲೂಸಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯ್ತು. ಹೊರಬಂದವನು ಸುಮ್ಮನೆ ಕೂರಲಿಲ್ಲ, ತನ್ನಂಥವರಿಗಾಗಿ 'ಪಾಸಿಟಿವ್ ಪೀಪಲ್' ಸಂಸ್ಥೆ ಕಟ್ಟಿದ. 1992ರಲ್ಲಿ ತೀರಿಕೊಂಡ.

ಈಗ ಯೋಚಿಸಿ. ಹೇಳದೆ ಕೇಳದೆ ರಕ್ತ ತೆಗೆಯೋದು, ಪಾಸಿಟಿವ್ ಬಂದರೆ ಕೂಡಿಹಾಕೋದು. ಜೊತೆಗೆ ಕಾಯಿಲೆಗೆ ಮದ್ದೂ ಇಲ್ಲ. ಇಂಥ ಕಾಲದಲ್ಲಿ ಯಾರು ತಾನೇ ಧೈರ್ಯವಾಗಿ ಕೈ ಚಾಚಿ 'ಪರೀಕ್ಷೆ ಮಾಡಿ' ಅಂತಾರೆ? ಜನ ಹೆದರಿದ್ದು ತಪ್ಪಲ್ಲ. ಆ ಭಯಕ್ಕೆ ಕಾರಣ ಇತ್ತು.

ಆದ್ರೆ ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು, ಸಾವಿನ ಲೆಕ್ಕವೇ ಬದಲಾಯ್ತು. 2004ರ ಏಪ್ರಿಲ್ 1ರಿಂದ ನಮ್ಮ ಸರ್ಕಾರ ಆ ಔಷಧಿಯನ್ನು ಉಚಿತವಾಗಿ ಕೊಡಲು ಶುರುಮಾಡಿತು. 2017ರಲ್ಲಿ ನಿಯಮ ಇನ್ನೂ ಸರಳವಾಯ್ತು: ಸೋಂಕು ಖಚಿತವಾದರೆ ಸಾಕು, ರೋಗನಿರೋಧಕ ಶಕ್ತಿ ಕುಸಿಯೋವರೆಗೆ ಕಾಯೋದು ಬೇಡ, ಚಿಕಿತ್ಸೆ ಶುರು. ಅದೇ ವರ್ಷ ಸಂಸತ್ತು ಎಚ್‌ಐವಿ ಕಾಯ್ದೆ ಮಾಡಿತು, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಕಾಯ್ದೆ ಹೇಳೋದೇನು? ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು. ಫಲಿತಾಂಶ ಗುಟ್ಟಾಗಿರಬೇಕು. ಸೋಂಕಿದೆ ಅನ್ನೋ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಇವುಗಳಲ್ಲಿ ಭೇದ ಮಾಡುವಂತಿಲ್ಲ.

ಔಷಧಿಯನ್ನು ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡೋದಿಲ್ಲ. ಇದು ವಿಜ್ಞಾನ ಒಪ್ಪಿರೋ ಮಾತು. ಗರ್ಭಿಣಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಮಗುವನ್ನೂ ಉಳಿಸಿಕೊಳ್ಳಬಹುದು. ಈ ಎಲ್ಲದಕ್ಕೂ ಬಾಗಿಲು ಒಂದೇ: ಪರೀಕ್ಷೆ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸೋ ಪಾಠ, ಮಷೀನು ಕೆಟ್ಟು ನಿಂತ ಮೇಲೆ ನೋಡಬೇಡ, ಓಡುತ್ತಿರುವಾಗಲೇ ನೋಡು. ಎಚ್‌ಐವಿ ಹೊಕ್ಕ ದೇಹ ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತೆ. ಜ್ವರ ಇಲ್ಲ, ನೋವಿಲ್ಲ. 'ನಾನು ಚೆನ್ನಾಗೇ ಇದೀನಲ್ಲ' ಅನ್ನೋದು ರಿಪೋರ್ಟ್ ಅಲ್ಲ. ಇನ್ನೊಂದು ವಿಷಯ. ಸೋಂಕು ತಗುಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣೋದಿಲ್ಲ. ದೇಹ ಪ್ರತಿಕಾಯ ತಯಾರಿಸೋಕೆ ವಾರಗಳು ಬೇಕು, ಕೆಲವರಲ್ಲಿ ಮೂರು ತಿಂಗಳವರೆಗೂ ಆಗಬಹುದು. ಹಾಗಾಗಿ ಒಂದು ಸಲ ನೆಗೆಟಿವ್ ಬಂತು ಅಂತ ಜೀವನಪೂರ್ತಿ ನಿಶ್ಚಿಂತೆ ಅಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ ಸ್ಪಷ್ಟವಾಗಿದೆ: 13ರಿಂದ 64 ವರ್ಷದೊಳಗಿನ ಪ್ರತಿಯೊಬ್ಬರೂ ಒಮ್ಮೆಯಾದರೂ, ಅಪಾಯ ಹೆಚ್ಚಿರುವವರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದರೆ, ಸೂಜಿ ಹಂಚಿಕೊಂಡಿದ್ದರೆ ನೀವು ಆ ಎರಡನೇ ಪಟ್ಟಿಯಲ್ಲಿದ್ದೀರಿ.

ಎಲ್ಲಿಗೆ ಹೋಗಬೇಕು? ಜಿಲ್ಲಾಸ್ಪತ್ರೆಯಲ್ಲಿ, ಬಹುತೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಒಂದು ಬೋರ್ಡ್ ಇರುತ್ತೆ. ಹಣ ಇಲ್ಲ. ಮೊದಲು ಆಪ್ತ ಸಮಾಲೋಚನೆ, ಆಮೇಲೆ ರಕ್ತ. ಒಂದೇ ಪರೀಕ್ಷೆ ನೋಡಿ ಪಾಸಿಟಿವ್ ಅನ್ನೋದಿಲ್ಲ, ಬೇರೆಬೇರೆ ಕಿಟ್‌ಗಳಲ್ಲಿ ಖಚಿತ ಮಾಡಿಕೊಂಡೇ ಹೇಳ್ತಾರೆ. ಕೇಳೋಕೆ ಸಂಕೋಚ ಅಂದ್ರೆ 1097ಕ್ಕೆ ಫೋನ್ ಮಾಡಿ.

ವೆಲ್ಲೂರಿನ ಲ್ಯಾಬಿನಲ್ಲಿ ಹಳದಿಯಾದ ಆ ಆರು ಸ್ಯಾಂಪಲ್‌ಗಳ ಹಿಂದೆ ಆರು ಹೆಣ್ಣುಮಕ್ಕಳಿದ್ದರು. ಅವರ ಹೆಸರು ಇತಿಹಾಸದಲ್ಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ, ಅವರಿಗೆ ಕೊಡೋಕೆ ಆಗ ಮದ್ದೂ ಇರಲಿಲ್ಲ. ಅವರ ರಕ್ತದಿಂದ ದೇಶ ಎಚ್ಚರವಾಯ್ತು, ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಅವತ್ತು ಪರೀಕ್ಷೆ ಇತ್ತು, ಮದ್ದಿರಲಿಲ್ಲ. ಇವತ್ತು ಮದ್ದಿದೆ, ಕಾನೂನಿದೆ, ನಿಮ್ಮ ಒಪ್ಪಿಗೆಗೆ ಬೆಲೆ ಇದೆ. ಆದ್ರೂ ನಾವಿನ್ನೂ 1989ರಲ್ಲೇ ನಿಂತು ಹೆದರುತ್ತಾ ಇದೀವಿ.

ಸಕ್ಕರೆ ಚೆಕ್ ಮಾಡಿಸ್ತೀವಿ, ಬಿಪಿ ನೋಡಿಸ್ತೀವಿ. ಅದೇ ದಿನ, ಅದೇ ಆಸ್ಪತ್ರೆಯಲ್ಲಿ, ಪಕ್ಕದ ಕೋಣೆಗೂ ಒಮ್ಮೆ ಹೋಗಿಬನ್ನಿ. ಆ ಆರು ಜನಕ್ಕೆ ಸಿಗದ ಅವಕಾಶ ಅದು.