ಪರಿಸರ ವಿಜ್ಞಾನ ಅಧ್ಯಯನ, ಶಿವಮೊಗ್ಗ ಸೀಮೆಯಲ್ಲಿ

ನೀರು, ಗಾಳಿ, ಮಣ್ಣು, ಜೀವಿಗಳು ಮತ್ತು ಇವನ್ನು ನಂಬಿ ಬದುಕುವ ಜನಸಮುದಾಯಗಳ ನಡುವಿನ ಸಂಬಂಧವನ್ನು ಅಭ್ಯಸಿಸುವ ಶಾಸ್ತ್ರ ಪರಿಸರ ವಿಜ್ಞಾನ. ಶಿವಮೊಗ್ಗ ಜಿಲ್ಲೆಯಲ್ಲಿ ಇದರ ಉನ್ನತ ಅಧ್ಯಯನಕ್ಕೆ ಮುಖ್ಯ ನೆಲೆ ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇದೆ. ಆದರೆ ಕಾಡು, ಅಣೆಕಟ್ಟು, ಕಾರ್ಖಾನೆ, ಹಳೆಯ ಗಣಿ ಮತ್ತು ಎತ್ತಂಗಡಿಯಾದ ಊರುಗಳು ಒಂದು ದಿನದ ಓಡಾಟದೊಳಗೆ ಸಿಗುವ ಅನುಕೂಲ ಶಂಕರಘಟ್ಟದ ವಿದ್ಯಾರ್ಥಿಗೆ ಇರುವಷ್ಟು ಬೇರೆಡೆ ಇಲ್ಲ.

ಭದ್ರಾ ಯೋಜನೆಯ ನೆರಳಿನಲ್ಲಿ ಬೆಳೆದ ಈ ಜಾಗವನ್ನು ಜನ ಇಂದಿಗೂ ಬಿ.ಆರ್. ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ಇಲ್ಲಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. 1987ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಆವರಣಕ್ಕೆ ಜ್ಞಾನಸಹ್ಯಾದ್ರಿ ಎಂಬ ಹೆಸರಾಯಿತು. ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತಾರದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿವರಿಸಿದ ವಿಶ್ವಸಂಸ್ಥೆಯ ಬ್ರುಂಟ್‌ಲಾಂಡ್ ಆಯೋಗದ ವರದಿ ಹೊರಬಂದದ್ದೂ ಅದೇ ವರ್ಷ. ಆವರಣದ ಪಕ್ಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ, ಅದರಾಚೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯವಿದೆ.

ಪರಿಸರ ವಿಜ್ಞಾನದ ಎಂ.ಎಸ್ಸಿ. ಎರಡು ವರ್ಷಗಳದ್ದು. ನೀರು, ಮಣ್ಣು, ಗಾಳಿಯ ರಾಸಾಯನಿಕ ವಿಶ್ಲೇಷಣೆ, ಜೀವಿಪರಿಸ್ಥಿತಿ ಶಾಸ್ತ್ರ, ತ್ಯಾಜ್ಯ ನಿರ್ವಹಣೆ, ಪರಿಸರ ಕಾನೂನು, ಯೋಜನೆಗಳ ಪರಿಣಾಮದ ಅಂದಾಜು ಪಠ್ಯದ ತಿರುಳು. ಇದರಲ್ಲಿ ವಿದ್ಯಾರ್ಥಿಯ ಕೈ ಪಳಗುವುದು ನೀರಿನ ಪರೀಕ್ಷೆಯಲ್ಲಿ. ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನವನ್ನೇ ನೋಡಿ. ಗಾಳಿಗುಳ್ಳೆ ಉಳಿಯದಂತೆ ಗಾಜಿನ ಶೀಶೆಯಲ್ಲಿ ಹೊಳೆಯ ನೀರು ತುಂಬಬೇಕು. ದಡದಲ್ಲೇ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಬೆರೆತ ಅಯೋಡೈಡನ್ನೂ ಹಾಕಬೇಕು. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಕಂದು ಗಷ್ಟು ಕೂರುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ. ಅಳತೆ ಮಾಡುವ ಮೊದಲೇ ಹೊಳೆಯ ಸ್ಥಿತಿ ಕಣ್ಣಿಗೆ ಬಿದ್ದಿರುತ್ತದೆ. ಆಮೇಲೆ ಆಮ್ಲ ಸೇರಿಸಿ, ಥಯೋಸಲ್ಫೇಟ್ ಹನಿಸುತ್ತ, ಪಿಷ್ಟದ ನೀಲಿ ಬಣ್ಣ ಮಾಯವಾಗುವ ಹನಿಯವರೆಗೆ ಹೋದರೆ ಲೆಕ್ಕ ಸಿಗುತ್ತದೆ. ಮೀಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಅಳೆಯಲು ಭದ್ರೆಗಿಂತ ಯೋಗ್ಯವಾದ ಹೊಳೆ ಇಲ್ಲ. ಲಕ್ಕವಳ್ಳಿಯಿಂದ ಇಳಿದು, ಭದ್ರಾವತಿ ಪೇಟೆಯನ್ನು ಹಾದು, ಕೂಡ್ಲಿಯಲ್ಲಿ ತುಂಗೆಯನ್ನು ಸೇರುವ ನಡುವೆ ಅದು ಒಂದು ಶತಮಾನದ ಕೈಗಾರಿಕಾ ಚರಿತ್ರೆಯನ್ನು ಹೊತ್ತಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕುಲುಮೆಯ ಇದ್ದಿಲು ಮಲೆನಾಡಿನ ಕಾಡಿನ ಮರದ್ದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗಾಗಿ ಮುಂದೆ ಅರಣ್ಯಭೂಮಿಯಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ಕಾರ್ಖಾನೆ ನಿಂತಿತು, ಭೂಮಿಯ ಗುತ್ತಿಗೆ 2020ರಲ್ಲಿ ಮುಗಿಯಿತು; ಆ ನೆಲ ಮತ್ತೆ ಸಹಜ ಕಾಡಾಗಲಿ ಎಂದು ಮಲೆನಾಡಿನ ಜನ ಚಳವಳಿ ಹೂಡಿದರು. ಕೆಲಸ ಕಳೆದುಕೊಂಡ ಕಾರ್ಮಿಕರ ಮನೆ, ಕಾಡು ಕಳೆದುಕೊಂಡ ಹಳ್ಳಿ ಎರಡನ್ನೂ ಒಂದೇ ಪ್ರಶ್ನೆಯೊಳಗೆ ಇಟ್ಟು ಓದಬೇಕು. ಬರೀ ನೀರಿನ ಅಂಕಿ ಅಂಶ ಹಿಡಿದು ಇದನ್ನು ಬಿಡಿಸಲಾಗದು.

ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿರುವ ಕುಂಸಿ ಇನ್ನೊಂದು ಬಗೆಯ ಪಾಠ. ಹೋಬಳಿ ಕೇಂದ್ರವಾದ ಈ ಊರಿನ ಸುತ್ತ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮ್ಯಾಂಗನೀಸ್ ಅದಿರು ತೆಗೆಯಲಾಗುತ್ತಿತ್ತು. ವಿಂಕ್ಲರ್ ಶೀಶೆಯಲ್ಲಿ ಕಂದು ಬಣ್ಣ ತರುವ ಲೋಹವೇ ಇಲ್ಲಿ ನೆಲದೊಳಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 0.3ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಹೀಗಿರುವಾಗ ಗಣಿ ಸೀಮೆಯ ಬಾವಿ, ಬೋರ್‌ವೆಲ್‌ಗಳ ನೀರನ್ನು ಮಳೆಗಾಲದಲ್ಲಿ, ಬೇಸಿಗೆಯಲ್ಲಿ ಬೇರೆಬೇರೆಯಾಗಿ ಪರೀಕ್ಷಿಸುವುದು ವಿದ್ಯಾರ್ಥಿಯೊಬ್ಬರು ಕೈಗೊಳ್ಳಬಹುದಾದ ಸಾರ್ಥಕ ಕೆಲಸ. 

ಸುಸ್ಥಿರ ಸಮುದಾಯ ಎಂಬ ಮಾತಿಗೆ ಈ ಜಿಲ್ಲೆಯಲ್ಲಿ ರಕ್ತಮಾಂಸ ತುಂಬಿದವರು ನೆಲೆ ತಪ್ಪಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಆ ಕುಟುಂಬಗಳಲ್ಲಿ ಎಷ್ಟೋ ಜನ ಶಿವಮೊಗ್ಗ ತಾಲೂಕಿನ ಕಾಡಂಚಿಗೆ ಬಂದು, ದಶಕಗಳ ನಂತರವೂ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿ ಸುತ್ತುತ್ತಿದ್ದಾರೆ. 2001-02ರಲ್ಲಿ ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರಿಗೆ ಸ್ಥಳಾಂತರವಾದಾಗ ಭೂಮಿ, ಮನೆ, ನೀರು, ಶಾಲೆ ಮೊದಲೇ ಮಾತುಕತೆಯ ವಿಷಯಗಳಾಗಿದ್ದವು. ದೇಶದ ಪುನರ್ವಸತಿ ಪ್ರಯತ್ನಗಳಲ್ಲಿ ಇದನ್ನು ಬಹುಮಟ್ಟಿಗೆ ಯಶಸ್ವಿ ಎಂದು ಸಂಶೋಧಕರು ಗುರುತಿಸಿದ್ದಾರೆ. ಎರಡರ ನಡುವಿನ ಅಂತರವನ್ನು ಓದದೆ ಪರಿಸರ ವಿಜ್ಞಾನದ ಪದವಿ ಪಡೆಯುವುದು ಅರ್ಧ ಓದು.

ಕಾಡಿಗೂ ಆರೋಗ್ಯಕ್ಕೂ ಇರುವ ನಂಟನ್ನು ಕಲಿಸಿದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜ್ವರ ಜನರಿಗೂ ತಗುಲಿತು. ವೈರಾಣುವನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ಮೇಯುವ ದನಗಳ ರಕ್ತ ಹೀರಿ ಉಣುಗು ಹೆಚ್ಚುವುದರಿಂದ, ಕಾಡು ಕಡಿದ ಜಾಗ, ಮೇವು, ಸೌದೆ, ದರಗು ತರುವ ದಾರಿ ಎಲ್ಲವೂ ರೋಗದ ಕಥೆಯೊಳಗೆ ಸೇರುತ್ತವೆ.

ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನ ಎಲ್ಲರಿಗೂ ಕಡ್ಡಾಯವಾದದ್ದು ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ಆದೇಶದಿಂದ. ವಿಶ್ವವಿದ್ಯಾಲಯ ಅನುದಾನ ಆಯೋಗ ಆಮೇಲೆ ಮಾದರಿ ಪಠ್ಯ ರೂಪಿಸಿತು. ಅದರಲ್ಲಿ ಕ್ಷೇತ್ರಕಾರ್ಯವೂ ಸೇರಿದೆ. ಅನೇಕ ಕಡೆ ಅದು ಗೈಡ್ ನೋಡಿ ಬರೆಯುವ ಉತ್ತರವಾಗಿ ಸೊರಗಿರುವುದು ನೋವಿನ ಸಂಗತಿ.

ಓದು ಮುಗಿಸಿದವರು ಮಾಲಿನ್ಯ ನಿಯಂತ್ರಣ ಮಂಡಳಿ, ಪ್ರಯೋಗಾಲಯ, ಕಾರ್ಖಾನೆಗಳ ಪರಿಸರ ವಿಭಾಗ, ಕಾಲೇಜುಗಳಲ್ಲಿ ಕೆಲಸ ಹುಡುಕುತ್ತಾರೆ. ಊರ ಮಟ್ಟದಲ್ಲಿಯೂ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಊರಿನ ಭತ್ತದ ತಳಿ, ಕೆರೆಯ ಮೀನು, ನಾಟಿವೈದ್ಯರು ಬಳಸುವ ಸೊಪ್ಪು, ದೇವರಕಾಡಿನ ಮರ, ಸೊಪ್ಪಿನಬೆಟ್ಟದ ಗಡಿ ಅದರಲ್ಲಿ ದಾಖಲಾಗುತ್ತವೆ. ವಿವರ ಹೇಳಬಲ್ಲ ಹಿರಿಯರ ಪಕ್ಕದಲ್ಲಿ ಕೂತು ಬರೆದುಕೊಳ್ಳಲು ಪರಿಸರ ವಿಜ್ಞಾನ ಓದಿದ ಊರಿನದೇ ಹುಡುಗ ಹುಡುಗಿಯರಿದ್ದಲ್ಲಿ ಈ ದಾಖಲಾತಿ ಕಡತ ತುಂಬಿಸುವ ಕೆಲಸವಾಗಿ ಉಳಿಯದು. ಮುಂದೆ ಗಣಿಯೋ ನೆಡುತೋಪೋ ಬರುವಾಗ ಗ್ರಾಮಸಭೆ ಮೇಜಿನ ಮೇಲಿಡಬಹುದಾದ ಆಧಾರವಾಗುತ್ತದೆ.